ಗೇರ್ ಕೇಬಲ್ ಹಾಕಿದ್ದು ಯಾರಿಗೆ?

ನನ್ನ ಗಂಡನನ್ನು ಕಳ್ಳ ಎಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಳ್ಳ ಎಂದವರಿಗೆ ಕದ್ದ ಮಾಲು ಎಲ್ಲಿ ಎಂದು ತಿರುಗಿ ಕೇಳಬಹುದು, ಬೇಕಾದರೆ ಮನೆ ಹುಡುಕಿ ಎನ್ನಬಹುದು. ಅಬು ಫೈಸಲ್ ಅದಕ್ಕಿಂತ ದೊಡ್ಡ ಮಾತು ಆಡಿದ. ಕುವೈತಿನ ಶುವೈಖ್‌ನ ತನ್ನ ಬೋಟ್ ಯಾರ್ಡಿನಲ್ಲಿ, ತಮ್ಮ ಜಾಸಿಂನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇವರ ಮುಖ ನೋಡಿ, "ಮೋನಪ್ಪಾ, ನನ್ನ ಬೋಟನ್ನು ಇರಾಕಿ ಸೈನಿಕರಿಗೆ ರಿಪೇರಿ ಮಾಡಿ ಕೊಟ್ಟದ್ದು ನೀನೇ ತಾನೆ?" ಎಂದ.

ಅದು ತೊಂಬತ್ತೊಂದರ ನವೆಂಬರ್. ಯುದ್ಧ ಮುಗಿದಿತ್ತು. ಎಣ್ಣೆ ಬಾವಿಗಳ ಬೆಂಕಿ ಆಗಷ್ಟೇ ಆರಿತ್ತು. ಗೋಡೆ, ಮರ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಜಿಡ್ಡು ಮಸಿ. ಅಬು ಫೈಸಲ್ ನಮ್ಮ ಕಫೀಲ್, ಅಂದರೆ ನಾವು ಆ ದೇಶದಲ್ಲಿ ಇರಬೇಕೋ ಬೇಡವೋ ಎಂದು ಹೇಳುವ ಧಣಿ. ಆಕ್ರಮಣದ ಸಮಯದಲ್ಲಿ ಊರಿಗೆ ಓಡಿದ್ದ ನಮ್ಮನ್ನು ಅವನೇ ವೀಸಾ ಕಳಿಸಿ ವಾಪಸು ಕರೆಸಿದ್ದ. ಇವರು ಅವನ ಬೋಟುಗಳ ಮೆಕ್ಯಾನಿಕ್, ನಾನು ಅವನ ಹೆಂಡತಿಯ ಬಟ್ಟೆ ಹೊಲಿಯುವವಳು. ಇನ್ನು ಅವನು ಸಹಿ ಹಾಕಿ ಇಕಾಮಾ, ಅಂದರೆ ವಾಸದ ಪರವಾನಗಿ, ಮಾಡಿಸಿದರೆ ನಮಗೆ ಅಲ್ಲಿ ಬದುಕು. ಹಾಕದಿದ್ದರೆ ಬಂದ ದಾರಿಯಲ್ಲೇ ನಮ್ಮೂರು ಹೆಜಮಾಡಿಗೆ. ಅಲ್ಲಿ ನನ್ನ ತಂಗಿಯ ಮನೆಯ ಚಾವಡಿಯಲ್ಲಿ ಒಂದು ವರ್ಷ ಚಾಪೆ ಹಾಸಿ ಮಲಗಿದವರು ನಾವು. ಕೊನೆಕೊನೆಗೆ ತಂಗಿಯ ಗಂಡ ಊಟಕ್ಕೆ ಕರೆಯುವಾಗ ನಮ್ಮ ಮುಖ ನೋಡುವುದನ್ನೇ ಬಿಟ್ಟಿದ್ದ. ತಿರುಗಿ ಅದೇ ಚಾಪೆ ಬಿಡಿಸುವುದಕ್ಕಿಂತ ಕಡಲಿಗೆ ಹಾರುವುದು ಒಳ್ಳೆಯದು ಎಂದು ನಾನು ವಿಮಾನದಲ್ಲೇ ಹೇಳಿದ್ದೆ.

ಅಬು ಫೈಸಲ್ ಪೂರ್ತಿ ಕೆಟ್ಟವನೇನಲ್ಲ. ತಪ್ಪಿಸಿಕೊಳ್ಳಲು ಒಂದು ಕಿಂಡಿಯನ್ನೂ ಅವನೇ ತೋರಿಸಿದ. "ತಲೆಗೆ ಬಂದೂಕು ಹಿಡಿದು ಗೇರಿನ ಕೇಬಲ್ ಹಾಕಿಸಿದರು ಎಂದು ಹೇಳು. ಮನೆಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಖಲಾಸ್. ನಾಳೆಯೇ ಸಹಿ ಹಾಕುತ್ತೇನೆ."

ಇವರು ಬೋಟಿನ ಅಂಚು ಸವರುತ್ತಾ, "ಬಂದೂಕು ಹಿಡಿದದ್ದು ಹೌದು ಬಾಬಾ. ಆದರೆ ಅದು ಕೇಬಲ್ ಹಾಕಿದ ಮೇಲೆ" ಎಂದರು.

ಆ ಮನುಷ್ಯ ಬಾಗಿಲು ತೆರೆದು ಹಿಡಿದಿದ್ದಾನೆ, ಇವರು ಹೊಸಿಲಿನಲ್ಲಿ ನಿಂತು ಬಾಗಿಲಿನ ಮರ ಯಾವುದು ಎಂದು ಕೇಳುತ್ತಿದ್ದಾರೆ! "ನಾಳೆ ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಬಾ. ಯೋಚನೆ ಮಾಡಿಕೊಂಡು ಬಾ" ಎಂದು ಅಬು ಫೈಸಲ್ ಕಾರು ಹತ್ತಿದ. ಜಾಸಿಂ ಮಾತ್ರ ಹೋಗುವಾಗ ನನ್ನ ಗಂಡನ ಕಾಲಿನ ಹತ್ತಿರ ಉಗುಳಿ ಹೋದ.

ಈ ಕೇಬಲ್ಲಿನ ರಾಮಾಯಣ ಹೇಳಿಬಿಡುತ್ತೇನೆ, ನೀವೇ ತೀರ್ಮಾನ ಮಾಡಿ.

ಹಿಂದಿನ ವರ್ಷದ ಸೆಪ್ಟೆಂಬರ್. ಸೈನ್ಯ ಬಂದು ಕೂತು ತಿಂಗಳು ದಾಟಿತ್ತು. ಅಂಗಡಿಗಳು ಖಾಲಿ, ರೊಟ್ಟಿಗೆ ಸಾಲು, ರಸ್ತೆ ರಸ್ತೆಯಲ್ಲಿ ತಪಾಸಣೆ. ನಮ್ಮವರೆಲ್ಲ ಬಸ್ಸು ಹಿಡಿದು ಬಾಗ್ದಾದಿನ ದಾರಿಯಾಗಿ ಅಮ್ಮಾನಿಗೆ, ಅಲ್ಲಿಂದ ಬೊಂಬಾಯಿಗೆ ಹೋಗುತ್ತಿದ್ದರು. ಅಬು ಫೈಸಲ್ ಮೊದಲನೇ ದಿನವೇ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಸೌದಿಗೆ ದಾಟಿದ್ದ. ಮಕ್ಕಳೊಂದಿಗ, ಹೋಗಲಿ, ತಪ್ಪು ಎನ್ನುವುದಿಲ್ಲ. ಆದರೆ ಫೋನು ಇನ್ನೂ ನಡೆಯುತ್ತಿದ್ದ ಆ ಬೆಳಿಗ್ಗೆ "ಮೋನಪ್ಪಾ, ನಿಮ್ಮದು ಹೇಗೆ?" ಎಂದು ಒಂದು ಮಾತು ಕೇಳಿದವನಲ್ಲ. ಅವನ ತಮ್ಮ ಜಾಸಿಂ ಹೋಗಲಿಲ್ಲ. ಯಾರ್ಡಿನ ಎದುರಿನ ಕಟ್ಟಡದ ಮಾಳಿಗೆಯಲ್ಲಿ ಎಲ್ಲೋ ಅಡಗಿ ಕೂತಿದ್ದ. ಅದು ನಮಗೆ ಆಗ ಗೊತ್ತಿರಲಿಲ್ಲ.

ನಮಗೆ ಬಸ್ಸಿನಲ್ಲಿ ಎರಡು ಸೀಟು ಕೊಡಿಸಿದವನು ಮಮ್ಮಾಲಿ. ಉಳ್ಳಾಲದ ಬ್ಯಾರಿ, ಪಿಕಪ್ ಓಡಿಸುವವನು, ಇವರಿಗೆ ತಮ್ಮನಿದ್ದ ಹಾಗೆ. ಮರುದಿನ ಬೆಳಗಾಗುತ್ತಲೇ ಬಸ್ಸು. ನಾನು ಗಂಟು ಕಟ್ಟುತ್ತಿದ್ದೆ. ಇವರು ಬಂದು, "ಆಶಾ, ಹಳೇ ಬೈರಾಸು ಒಂದು ಕೊಡು. ಇಂಜಿನ್ ಒರೆಸ್ಲಿಕ್ಕೆ" ಎಂದರು.

"ಯಾವ ಇಂಜಿನ್?"

"ಬೋಟಿಂದು. ಮಲಗಿಸಿ ಬರ್ತೇನೆ. ಗೇರಿನ ಕೇಬಲ್ಲು ಹಾಕ್ಲಿಕ್ಕೂ ಬಾಕಿ ಉಂಟಲ್ಲ."

"ನಿಮಗೆ ಮಂಡೆ ಸಮ ಉಂಟಾ?" ಎಂದು ನಾನು ಬೊಬ್ಬೆ ಹೊಡೆದೆ. ಪಕ್ಕದ ಮನೆಯ ಮೊಲ್ಲಿಬಾಯಿ ಬಾಗಿಲು ತೆರೆದು ಯಾರು ಸತ್ತರು ಎಂದು ಕೇಳಿದರು.

ಇಂಜಿನ್ ಮಲಗಿಸುವುದೆಂದರೆ ಇಷ್ಟೇ. ಪ್ರತಿ ನವೆಂಬರಿನಲ್ಲಿ ಚಳಿ ಶುರುವಾದ ಮೇಲೆ ಅಬು ಫೈಸಲ್‌ನ ಮನೆಯವರು ಕಡಲಿಗೆ ಹೋಗುವುದಿಲ್ಲ. ಆಗ ಇವರು ಬೋಟನ್ನು ಯಾರ್ಡಿನಲ್ಲಿ ಗಾಡಿಯ ಮೇಲೆ ಹತ್ತಿಸಿ, ಇಂಜಿನ್ನಿನ ಹೊಟ್ಟೆಯಲ್ಲಿರುವ ಉಪ್ಪುನೀರೆಲ್ಲ ಹೋಗುವ ತನಕ ಪೈಪಿನಿಂದ ಸಿಹಿನೀರು ಓಡಿಸಿ, ಪೆಟ್ರೋಲು ಖಾಲಿ ಮಾಡಿ, ಪ್ಲಗ್ಗು ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, ಬ್ಯಾಟರಿ ತೆಗೆದಿಡುತ್ತಾರೆ. ಹಾಗೆ ಮಾಡಿದರೆ ತಿಂಗಳುಗಟ್ಟಲೆ ತುಕ್ಕು ಹಿಡಿಯುವುದಿಲ್ಲ. ಆ ವರ್ಷ ಕಡಲಿನಿಂದ ಬಂದ ಬೋಟು ತೊಳೆಯದೆ ಹಾಗೆಯೇ ನಿಂತಿತ್ತು. ಮೇಲಾಗಿ ಅದರ ಗೇರಿನ ಕೇಬಲ್ ಕಚ್ಚಿಕೊಂಡಿತ್ತು. ಚುಕ್ಕಾಣಿಯ ಹತ್ತಿರದ ಹಿಡಿಯನ್ನು ಮುಂದೆ ತಳ್ಳಿದರೂ ಹಿಂದೆ ಎಳೆದರೂ ಇಂಜಿನ್ ಬರೀ ಅರಚುತ್ತಿತ್ತು, ಬೋಟು ಕದಲುತ್ತಿರಲಿಲ್ಲ. ಹೊಸ ಕೇಬಲ್ ತಂದು ಮೊಳೆಗೆ ತೂಗುಹಾಕಿದ ವಾರವೇ ಸೈನ್ಯ ಬಂದದ್ದು.

"ಗೇರು ಬೀಳದ ಬೋಟನ್ನು ಯಾವ ಕಳ್ಳನೂ ಮುಟ್ಟುದಿಲ್ಲ. ಹಾಗೇ ಬಿಡಿ. ದೇವರು ಕೊಟ್ಟ ಬೀಗ ಅದು" ಎಂದೆ.

"ಮುರಿದದ್ದನ್ನು ಮಲಗಿಸ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."

ಇದು ನಮ್ಮ ಕಡಲ ಕರೆಯ ಮೊಗವೀರರ ಕಟ್ಟಳೆ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದಾಗ ಅದನ್ನು ಮುರುಕಲಾಗಿ ತೆಂಗಿನ ಮಡಲಿನ ಅಡಿ ಹಾಕುವಂತಿಲ್ಲ. ಹಲಗೆ ಸಡಿಲವಿದ್ದರೆ ಬಿಗಿದು, ಹುಟ್ಟು ಬಿರುಕು ಬಿಟ್ಟಿದ್ದರೆ ಬದಲಿಸಿ, ನಾಳೆಯೇ ಕಡಲಿಗೆ ಇಳಿಯಬಹುದು ಎನ್ನುವಂತೆ ಮಾಡಿ ಆಮೇಲೆ ಹೊದಿಸಬೇಕು. ಮುರಿದು ಮಲಗಿದ ದೋಣಿ, ಮತ್ತೆ ಕಡಲಿಗೆ ಇಳಿಯುವ ನೂಲು ಹುಣ್ಣಿಮೆಗೆ ಏಳುವುದಿಲ್ಲ ಎಂದು ಇವರ ಸೋದರಮಾವ ಹೇಳುತ್ತಿದ್ದರಂತೆ. ಹೆಜಮಾಡಿಯಲ್ಲಿ ಸರಿ. ಅಲ್ಲಿ ದೋಣಿ ಕದಿಯಲು ಟ್ಯಾಂಕಿನಲ್ಲಿ ಬರುವವರಿಲ್ಲ! ಆದರೆ ಇವರ ತಲೆಯೊಳಗೆ ಕುವೈತೂ ಹೆಜಮಾಡಿಯೂ ಒಂದೇ ಕಡಲಿನ ಎರಡು ದಡ.

"ಬಾಬಾ ತಿರುಗಿ ಬಂದು ನೋಡಿದಾಗ ಕೆಲಸ ಅರ್ಧ ಬಿಟ್ಟು ಓಡಿದ್ದಾನೆ ಅಂತ ತಿಳ್ಕೊಳ್ಳುದಿಲ್ವಾ?" ಎಂದರು.

ಬಾಬಾ ಏನು ತಿಳಿದುಕೊಂಡ ಎಂದು ಈಗ ಗೊತ್ತಾಯಿತಲ್ಲ!

ಒಬ್ಬರನ್ನೇ ಕಳಿಸಿದರೆ ಸಂಜೆಗೆ ಹೆಣವೂ ಸಿಗಲಿಕ್ಕಿಲ್ಲ ಎಂದು ನಾನೂ ಮಮ್ಮಾಲಿಯ ಪಿಕಪ್ಪಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಬೈದೆ. ತಪಾಸಣೆಯ ಜಾಗ ಬಂದಾಗ ಮಾತ್ರ ಬಾಯಿ ಮುಚ್ಚಿದೆ, ದಾಟಿದ ಕೂಡಲೇ ಬಿಟ್ಟಲ್ಲಿಂದ ಶುರು ಮಾಡಿದೆ. ಮಮ್ಮಾಲಿ, "ಆಶಕ್ಕ, ಸ್ವಲ್ಪ ನೀರು ಕುಡೀರಿ, ಗಂಟಲು ಹೋಗ್ತದೆ" ಎಂದು ತಮಾಷೆ ಮಾಡಿದ.

ಯಾರ್ಡಿನಲ್ಲಿ ಇವರು ಹೊಸ ಕೇಬಲ್ಲಿನ ತುದಿಯನ್ನು ಹಳೆಯದರ ಬಾಲಕ್ಕೆ ಹುರಿಯಿಂದ ಬಿಗಿದರು. ಹಿಂದಿನಿಂದ ಹಳೆಯದನ್ನು ಎಳೆದರೆ ಬೋಟಿನ ಹೊಟ್ಟೆಯೊಳಗಿನ ಸುರಂಗದಲ್ಲಿ ಹೊಸದು ಅದರ ಬೆನ್ನಿಗೇ ಬರುತ್ತದೆ. ಎಳೆಯಲು ಒಬ್ಬರು, ಮುಂದಿನಿಂದ ನಿಧಾನ ತಳ್ಳಲು ಒಬ್ಬರು ಬೇಕು. ಮಮ್ಮಾಲಿ ಗೇಟು ಕಾಯುತ್ತಿದ್ದ. ಎಳೆದವಳು ಯಾರು? ನಾನೇ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂಜಿನ್ನಿನ ಬುಡದಲ್ಲಿ ಕೂತು, ಬಾಯಲ್ಲಿ ಬೈಗುಳ, ಕೈಯಲ್ಲಿ ಆ ತುಕ್ಕು ಹಿಡಿದ ಕೇಬಲ್. ಅಂಗೈ ಸುಲಿಯಿತು. ಕೊನೆಗೆ ಹೊಸ ಕೇಬಲ್ಲಿನ ಕೆಂಪು ತಲೆ ಹೊರಗೆ ಇಣುಕಿದಾಗ, "ಬಂತಾ?" ಎಂದು ಮುಂದಿನಿಂದ ಕೇಳಿದರು. ಆ ದನಿಯಲ್ಲಿ ಎಷ್ಟು ಸಂತೋಷ! ಎಂತ ಸಾವು ಮಾರಾಯ್ರೆ, ಊರು ಬಿಟ್ಟು ಓಡುವ ಹಿಂದಿನ ದಿನ ಒಬ್ಬ ಮನುಷ್ಯನಿಗೆ ಇಷ್ಟು ಖುಷಿಯಾಗಬಹುದೇ?

ಆಮೇಲೆ ಇಂಜಿನ್ ತೊಳೆದರು, ಎಣ್ಣೆ ಬಿಟ್ಟರು, ಬ್ಯಾಟರಿ ತೆಗೆದರು, ನನ್ನ ಬೈರಾಸಿನಿಂದ ಮೈ ಒರೆಸಿದರು. ಹೊದಿಕೆ ಕಟ್ಟುತ್ತಿರುವಾಗ ಗೇಟಿನ ಹತ್ತಿರ ಜೀಪು ನಿಂತ ಸದ್ದು ಕೇಳಿತು. ಒಬ್ಬ ಅಧಿಕಾರಿ, ನಾಲ್ಕಾರು ಸೈನಿಕರು. ಮಮ್ಮಾಲಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಒಳಗೆ ಬಂದರು. ಅಧಿಕಾರಿಗೆ ಬೋಟು ಬೇಕಿತ್ತು. ಹೊದಿಕೆ ಕಿತ್ತೆಸೆದು ಕೀಲಿ ತಿರುಗಿಸಿದ. ಸದ್ದಿಲ್ಲ. ಇಂಜಿನ್ನಿನ ಮುಚ್ಚಳ ತೆಗೆದು ನೋಡಿದ. ಬ್ಯಾಟರಿ ಇಲ್ಲ, ಪ್ಲಗ್ಗಿನ ವಯರುಗಳು ಸಡಿಲ, ಎಲ್ಲ ಕಡೆ ಎಣ್ಣೆ. ಬೇಕೆಂದೇ ಹಾಳು ಮಾಡಿದ್ದಾರೆ ಎಂದುಕೊಂಡ. ಪಿಸ್ತೂಲು ತೆಗೆದು ಇವರ ಕಿವಿಯ ಮೇಲೆ ಇಟ್ಟ.

ಇವರು ಇಂಜಿನ್ನಿನ ಕಡೆ ಕೈ ತೋರಿಸಿ, "ನಾಯಿಮ್, ನಾಯಿಮ್. ಮೋಟರ್ ನಾಯಿಮ್" ಎಂದರು. ಮಲಗಿದೆ, ಇಂಜಿನ್ ಮಲಗಿದೆ ಎಂದು.

"ಎಬ್ಬಿಸು" ಎಂದ ಅವನು.

ಎಬ್ಬಿಸಿದರು. ಪಿಸ್ತೂಲಿನ ಎದುರು ಇನ್ನೇನು ಮಾಡಿಯಾರು? ಬ್ಯಾಟರಿ ಕಟ್ಟಿ, ಪೆಟ್ರೋಲು ಬಿಟ್ಟು, ನೀರಿನ ಪೈಪು ಸಿಕ್ಕಿಸಿ ಕೀಲಿ ತಿರುಗಿಸಿದಾಗ ಒಳಗೆ ಬಿಟ್ಟಿದ್ದ ಎಣ್ಣೆಯೆಲ್ಲ ಉರಿದು ಯಾರ್ಡು ತುಂಬ ಬಿಳಿ ಹೊಗೆ. ಸೈನಿಕರು ಬಾಂಬು ಎಂದು ನೆಲಕ್ಕೆ ಬಿದ್ದರು. ನಾನು ಖಂಡಿತ ಗುಂಡು ಹಾರುತ್ತದೆ ಎಂದು ಕಣ್ಣು ಮುಚ್ಚಿದೆ. ಹೊಗೆ ಕರಗಿತು, ಇಂಜಿನ್ ನಯವಾಗಿ ಓಡತೊಡಗಿತು. ಅಧಿಕಾರಿ ಗೇರು ಹಾಕಿ ನೋಡು ಎಂದ. ಮುಂದೆ ತಳ್ಳಿದರು, ಹಿಂದಿನ ಫ್ಯಾನು ಹಾಗೆ ತಿರುಗಿತು. ಹಿಂದೆ ಎಳೆದರು, ಹೀಗೆ ತಿರುಗಿತು. ಬೆಣ್ಣೆಯಲ್ಲಿ ಕತ್ತಿ ಆಡಿಸಿದ ಹಾಗೆ.

ಅಲ್ಲಿಗೆ ನಿಲ್ಲಿಸಬಾರದಿತ್ತೇ? ಅವರು ಬೋಟನ್ನು ಜೀಪಿಗೆ ಕಟ್ಟುತ್ತಿರುವಾಗ ಇವರು ಅಧಿಕಾರಿಯ ಹಿಂದೆ ಓಡಿದರು. ಪೈಪನ್ನು ಕೈಯಲ್ಲಿ ಹಿಡಿದು, ಇಂಜಿನ್ನಿಗೆ ಹೇಗೆ ಸಿಕ್ಕಿಸುವುದು ಎಂದು ತೋರಿಸಿ, "ಕಡಲಿಂದ ಬಂದ ಮೇಲೆ ಸಿಹಿನೀರು. ಪ್ರತಿ ಸಲ. ಮರೆಯಬಾರದು ಬಾಬಾ, ಮರೆಯಬಾರದು" ಎಂದು ಕೈ ಮುಗಿದು ಹೇಳಿದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟದ್ದು ಸಾಲದೆ, ಪಾತ್ರೆ ತೊಳೆದಿಡಪ್ಪ ಎಂದು ಬುದ್ಧಿ ಹೇಳುವುದು! ಅಧಿಕಾರಿ ನಕ್ಕು ಇವರ ಬೆನ್ನು ತಟ್ಟಿ ಹೋದ. ಇದನ್ನೆಲ್ಲ ಮಾಳಿಗೆಯ ಕಿಟಕಿಯಿಂದ ಜಾಸಿಂ ನೋಡುತ್ತಿದ್ದ. ಪಿಸ್ತೂಲು ಹಿಡಿದದ್ದು ಬೋಟಿನ ಮರೆಯಲ್ಲಿ, ಅದು ಅವನಿಗೆ ಕಾಣಲಿಲ್ಲ. ಬೆನ್ನು ತಟ್ಟಿದ್ದು ಮಾತ್ರ ಚೆನ್ನಾಗಿ ಕಂಡಿತು.

ನಾವು ಮರುದಿನ ಬಸ್ಸು ಹತ್ತಿದೆವು. ಯುದ್ಧ ಮುಗಿದ ಮೇಲೆ ಬೋಟು ಬೂಬಿಯಾನ್ ದ್ವೀಪದ ಕಡೆ ಕೆಸರಿನಲ್ಲಿ ಸಿಕ್ಕಿತಂತೆ. ತಳ ಒಡೆದಿತ್ತು, ಸೀಟು ಹರಿದಿತ್ತು, ಇಂಜಿನ್ ಉಪ್ಪು ತಿಂದು ಕಲ್ಲಾಗಿತ್ತು. ಒಂದು ದಿನವೂ ಸಿಹಿನೀರು ಕಂಡಿರಲಿಲ್ಲ. ಅಬು ಫೈಸಲ್ ಅದನ್ನು ಎಳೆದು ತಂದು, ಸುಮ್ಮನೆ ಹಿಡಿಯನ್ನು ಮುಂದೆ ತಳ್ಳಿದಾಗ ಅದು ನಯವಾಗಿ ಸರಿಯಿತು. ಇಡೀ ಬೋಟಿನಲ್ಲಿ ಸರಿಯಿದ್ದದ್ದು ಗೇರಿನ ಕೇಬಲ್ ಒಂದೇ. ಅದೇ ಇವರ ಕುತ್ತಿಗೆಗೆ ಬಂತು.

ಅಬು ಫೈಸಲ್ ಯೋಚನೆ ಮಾಡಿಕೊಂಡು ಬಾ ಎಂದ ಆ ಸಂಜೆ ಮಮ್ಮಾಲಿ ಕೋಣೆಗೆ ಬಂದ. ಅವನೂ ತಿರುಗಿ ಬಂದು ಪಿಕಪ್ ಹಿಡಿದಿದ್ದ.

"ಮೋನಪ್ಪಣ್ಣ, ಅದು ಸುಳ್ಳು ಸಹ ಅಲ್ಲ. ಬಂದೂಕು ಇತ್ತಲ್ಲ? ಸ್ವಲ್ಪ ಹಿಂದೆ ಮುಂದೆ, ಅಷ್ಟೇ. ಅಲ್ಲಾಹನೂ ಮಾಫ್ ಮಾಡ್ತಾನೆ."

"ದಮ್ಮಯ್ಯ, ಹೇಳಿಬಿಡಿ" ಎಂದು ನಾನೂ ಗೋಗರೆದೆ. "ಒಂದೇ ಮಾತು. ನಾಲಗೆ ಬಿದ್ದು ಹೋಗ್ತದಾ?"

ಇವರು ಅನ್ನ ಕಲಸುತ್ತಾ ಕೂತವರು ತಲೆಯೆತ್ತಲಿಲ್ಲ. "ಬಂದೂಕಿಗೆ ಹೆದರಿ ಹಾಕಿದ್ದು ಅಂದ್ರೆ ಅದು ಅವರ ಕೆಲಸ ಆಯ್ತು. ನಾನು ಬಾಬಾನ ಕೆಲಸ ಮಾಡಿದ್ದು."

"ಆ ಬಾಬಾನೇ ನಿಮ್ಮನ್ನು ದ್ರೋಹಿ ಅಂತ ಹೇಳುದು!"

"ಅವರಿಗೆ ಗೊತ್ತಿಲ್ಲ, ಹೇಳ್ತಾರೆ. ನನಗೆ ಗೊತ್ತುಂಟಲ್ಲ."

ಕೋಣನ ಮುಂದೆ ಕಿನ್ನರಿ! ಅವರು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ತೀರ್ಮಾನಿಸಿಕೊಂಡು ಮಲಗಿದೆ. ಅಬು ಫೈಸಲ್‌ನ ಹೆಂಡತಿಗೆ ಬಟ್ಟೆ ಹೊಲಿದು ಹೊಲಿದು ನನಗೆ ಅರಬ್ಬಿ ಇವರಿಗಿಂತ ಚೆನ್ನಾಗಿ ಬರುತ್ತದೆ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಬಂದೂಕು ಮೊದಲು, ಕೇಬಲ್ ಆಮೇಲೆ.

ಮರುದಿನ ಯಾರ್ಡಿನಲ್ಲಿ ಅಬು ಫೈಸಲ್ ಕಾಗದಗಳನ್ನು ಬೋಟಿನ ಅಂಚಿನ ಮೇಲೆ ಹರಡಿಕೊಂಡು ನಿಂತಿದ್ದ. ಇವರ ಉತ್ತರ ಕೇಳಿದ. ಇವರು ನಿನ್ನೆ ಹೇಳಿದ್ದನ್ನೇ ಹೇಳಿದರು. ಅವನು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದ.

"ನೀನು ಅಲ್ಲಿದ್ದೆಯಲ್ಲ. ನೀನು ಹೇಳು. ಬಂದೂಕು ಮೊದಲೋ, ಕೇಬಲ್ ಮೊದಲೋ?"

ಮಾತು ತುಟಿಯ ಮೇಲೆ ಇತ್ತು. ಹೇಳಿದ್ದರೆ ಆಗಿಹೋಗುತ್ತಿತ್ತು. ಅಷ್ಟರಲ್ಲಿ ಆ ಜಾಸಿಂ ಹಲ್ಲು ಕಿಸಿದ. "ಅವಳನ್ನು ಏನು ಕೇಳುತ್ತೀಯ? ಯಾರೂ ಹೇಳದೆ, ಯಾರೂ ನೋಡದೆ, ಓಡಿಹೋದ ಯಜಮಾನನ ಬೋಟಿಗೆ ಕೆಲಸ ಮಾಡುವ ಹುಚ್ಚ ಈ ದುನಿಯಾದಲ್ಲಿ ಇದ್ದಾನೆಯೇ? ಹಿಂದಿ, ಇಂಡಿಯಾದವನು ಅಲ್ಲವೇ ಇವನು, ಯಾರು ಬಂದರೂ ಸಲಾಂ ಹೊಡೆಯುತ್ತಾನೆ."

ನಾನು ಅಬು ಫೈಸಲ್‌ನ ಕಡೆಗೇ ತಿರುಗಿದೆ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ!

"ಇದ್ದಾನೆ! ಇಗೋ, ಇಲ್ಲಿ ನಿಂತಿದ್ದಾನೆ ಆ ಹುಚ್ಚ. ಮದುವೆಯಾದಾಗಿನಿಂದ ಈ ಹುಚ್ಚಿನ ಜೊತೆ ಸಂಸಾರ ಮಾಡಿದವಳು ನಾನು. ಕೇಬಲ್ ಮೊದಲು ಹಾಕಿದ್ದು. ನಿನಗೆ ಹಾಕಿದ್ದು. ಹಿಂದಿನಿಂದ ಎಳೆದವಳು ನಾನು, ಅಂಗೈ ಸುಲಿದು ಬಸ್ಸಿನಲ್ಲಿ ಅಮ್ಮಾನಿನ ತನಕ ಬಟ್ಟೆ ಕಟ್ಟಿಕೊಂಡು ಹೋದವಳು. ನೀನು ನಿನ್ನ ಬೋಟು ಬಿಟ್ಟು ಹೋದೆ, ನಮ್ಮನ್ನೂ ಬಿಟ್ಟು ಹೋದೆ. ಇವರು ನಿನ್ನ ಇಂಜಿನ್ನಿಗೆ ತುಕ್ಕು ಹಿಡಿಯಬಾರದು ಎಂದು ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಬಂದರು. ಸಿಹಿನೀರು ಬಿಡು ಎಂದು ಆ ಸೈನಿಕನಿಗೆ ಕೈ ಮುಗಿದದ್ದೂ ಹೌದು. ನಿನ್ನ ತಮ್ಮ ನೋಡಿದ್ದು ಸುಳ್ಳಲ್ಲ. ಕಿಟಕಿಯಲ್ಲಿ ಕೂತು ನೋಡಿದ, ಅಷ್ಟೇ. ಇಳಿದು ಬಂದು ನಿನ್ನ ಬೋಟು ಉಳಿಸಲಿಲ್ಲವಲ್ಲ!"

ಜಾಸಿಂ ಒಂದು ಹೆಜ್ಜೆ ಮುಂದೆ ಬಂದ. ಅಬು ಫೈಸಲ್ ಅವನ ಎದೆಗೆ ಕೈ ಅಡ್ಡ ಹಿಡಿದ. ನಾನು ಏನು ಮಾಡಿಬಿಟ್ಟೆ ಎಂದು ನನಗೆ ಆಗ ಹೊಳೆಯಿತು. ತಂಗಿಯ ಚಾವಡಿ, ಆ ಚಾಪೆ, ಭಾವನ ಮುಖ ಎಲ್ಲ ಕಣ್ಣಮುಂದೆ ಬಂದವು.

ಆದರೆ ಅಬು ಫೈಸಲ್ ಜೇಬಿನಿಂದ ಪೆನ್ನು ತೆಗೆದ. "ಆಗಲಿ" ಎಂದ. "ಬುದ್ಧಿಯಿಲ್ಲದೆ ಮಾಡಿದ್ದೀರಿ. ನಿಮ್ಮಿಂದ ನನ್ನ ಬೋಟು ಹೋಯಿತು. ಆದರೂ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ. ಮೋನಪ್ಪಾ, ಸಹಿ ಹಾಕುತ್ತೇನೆ. ನಾಳೆಯಿಂದ ಕೆಲಸಕ್ಕೆ ಬಾ. ಹೊಸ ಇಂಜಿನ್ ತರಿಸಿದ್ದೇನೆ, ಚಳಿಗಾಲಕ್ಕೆ ಮಲಗಿಸಬೇಕು."

ಗೆದ್ದೆವು ಎಂದುಕೊಂಡೆ. ಇವರ ಕಡೆ ನೋಡಿದೆ. ಯಾವತ್ತೂ ದನಿಯೆತ್ತದ, ಪಿಸ್ತೂಲು ಹಿಡಿದವನನ್ನೂ ಬಾಬಾ ಎಂದು ಕರೆದ ಮನುಷ್ಯನ ಮುಖ ಕೆಂಪೇರಿತ್ತು.

"ಯಾವ ತಪ್ಪಿಗೆ ಕ್ಷಮಿಸಿದ್ದು?" ಎಂದು ಕೇಳಿದರು. ಬಾಬಾ ಎನ್ನಲಿಲ್ಲ.

"ಹೇಳಿದೆನಲ್ಲ. ಹೋಗಲಿ ಬಿಡು."

"ಬಿಡುವುದಿಲ್ಲ. ತಪ್ಪು ಯಾವುದು ಹೇಳಿ. ಕೇಬಲ್ ಬಿಗಿ ಸರಿಯಾಗಲಿಲ್ಲವೇ? ಗೇರು ಬೀಳುತ್ತಿಲ್ಲವೇ?"

ಅಬು ಫೈಸಲ್‌ಗೆ ಸಿಟ್ಟು ಬಂತು. "ಸಹಿ ಬೇಕೋ ಬೇಡವೋ?"

"ಕೆಲಸಕ್ಕೆ ಹಾಕುವ ಸಹಿಯಾದರೆ ಬೇಕು. ಕ್ಷಮೆಗೆ ಹಾಕುವುದಾದರೆ ನನಗೆ ಬೇಡ" ಎಂದು ಇವರು ಹೋದ ವರ್ಷದಿಂದ ತಮ್ಮ ಹತ್ತಿರವೇ ಇದ್ದ ಯಾರ್ಡಿನ ಬೀಗದ ಕೈಯನ್ನು ಆ ಕಾಗದಗಳ ಮೇಲೆ ಇಟ್ಟು ಗೇಟಿನ ಕಡೆ ನಡೆದೇಬಿಟ್ಟರು.

ನಾನು ಒಂದು ಕ್ಷಣ ನಿಂತೆ. ಅವನ ಕೈಯಲ್ಲಿ ಪೆನ್ನು ಹಾಗೆಯೇ ಇತ್ತು. ಓಡಿಹೋಗಿ ಗಂಡನ ಕೈ ಹಿಡಿದು ತಿರುಗಿ ಎಳೆದು ತರಬೇಕು ಎಂದು ಕಾಲು ಹೇಳುತ್ತಿತ್ತು. ಬದಲಿಗೆ, ಅವನ ಹೆಂಡತಿ ಹೊಲಿಯಲು ಕೊಟ್ಟಿದ್ದ ರೇಷ್ಮೆ ಬಟ್ಟೆ ಚೀಲದಲ್ಲಿತ್ತು, ಅದನ್ನು ತೆಗೆದು ಬೀಗದ ಕೈಯ ಪಕ್ಕದಲ್ಲಿಟ್ಟೆ. "ಇನ್ನೂ ಕತ್ತರಿಸಿಲ್ಲ. ಅಳತೆ ನಿನ್ನ ಹೆಂಡತಿಗೇ ಗೊತ್ತಿದೆ" ಎಂದು ಹೇಳಿ ಇವರ ಹಿಂದೆ ಬಂದೆ.

ಹೊರಗೆ ಮಮ್ಮಾಲಿ ಪಿಕಪ್ ಚಾಲು ಇಟ್ಟುಕೊಂಡು ಕಾಯುತ್ತಿದ್ದ. ನಮ್ಮ ಮುಖ ನೋಡಿ ಅವನಿಗೆ ಗಾಬರಿಯಾಯಿತು.

"ಎಂತಾಯ್ತು? ಸಹಿ ಹಾಕ್ಲಿಲ್ವಾ?"

"ಹಾಕ್ತೇನೆ ಅಂದ. ಕ್ಷಮಿಸಿದ್ದೇನೆ ಅಂದ" ಎಂದೆ.

"ಹಾಗಾದ್ರೆ ಒಳ್ಳೇದಾಯ್ತಲ್ಲ ಆಶಕ್ಕ?"

"ತಪ್ಪು ಮಾಡಿದವರಿಗೆ ಒಳ್ಳೇದು. ನೀನು ಗಾಡಿ ಬಿಡು ಮಾರಾಯ."